ಸಿಮೆಂಟ್ ಸೀಮೆಯ ಗೋಡೆಬರಹ

ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಸುತ್ತಿನ ಹಳ್ಳಿಗಳಲ್ಲಿ ಶಾಲೆಯ ಗೋಡೆ, ಕುಡಿಯುವ ನೀರಿನ ಘಟಕ, ಬಸ್ ತಂಗುದಾಣಗಳ ಮೇಲೆ ಸಿಮೆಂಟ್ ಕಂಪನಿಗಳ ಹೆಸರು ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಈ ಗೋಡೆಬರಹವನ್ನೂ ಒಂದು ಸಾಹಿತ್ಯ ಪ್ರಕಾರವೆಂದು ಓದಬೇಕು. ಪ್ರಚಾರ ಸಾಹಿತ್ಯವಾಗಿ ಅದು ಬಲು ಯಶಸ್ವಿ. 'ಕಂಪನಿಯವ್ರು ಊರಿಗಿ ಭಾಳ ಮಾಡ್ಯಾರ' ಎಂದು ಊರಿನವರ ಬಾಯಿಂದಲೇ ಹೇಳಿಸುತ್ತದೆ.

ಮಾಡಿದ್ದೇನು? 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಅದರ ಏಳನೇ ಅನುಸೂಚಿಯಲ್ಲಿ ಹಿಂದುಳಿದವರು ಎದುರಿಸುವ ಅಸಮಾನತೆ ತಗ್ಗಿಸುವ ಕೆಲಸವೂ ಸೇರಿದೆ. ಗೋಡೆಯ ಮೇಲೆ ಕಲಮೂ ಇಲ್ಲ, ಅಸಮಾನತೆಯ ಮಾತೂ ಇಲ್ಲ. ಕಾನೂನಿನ ಬಾಕಿ ತೀರಿಸುವುದು ಹಾರ-ತುರಾಯಿಯ ಸಮಾರಂಭವಾಗುತ್ತದೆ. ತೆರಿಗೆ ಕಟ್ಟಿದವರಿಗೆ ಯಾರೂ ಶಾಲು ಹೊದಿಸಿದ್ದನ್ನು ಕಾಣೆ.

ಕಲಬುರಗಿಯ ಬಿಸಿಲಿನಲ್ಲಿ ಒಂದು ಕೊಡ ಶುದ್ಧ ನೀರಿನ ಬೆಲೆ ಗೊತ್ತಿದ್ದವರು ಆ ಘಟಕವನ್ನು ಹೀಗಳೆಯಲಾರರು. ತಕರಾರು ಇರುವುದು ಗೋಡೆಬರಹ ಮುಚ್ಚಿಡುವ ಲೆಕ್ಕದ ಬಗ್ಗೆ. 2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ ಕಾರ್ಖಾನೆಗಳು ಹೊಗೆಯಾಡಿ ವರ್ಷಗಳೇ ಕಳೆದಿದ್ದವು. ಆದರೂ ಸೇಡಂ, ಚಿತ್ತಾಪುರ, ಚಿಂಚೋಳಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲೇ ಇದ್ದವು.

ನಿಯಮದಲ್ಲೇ ಕಂಪನಿಗೆ ಒಂದು ಅನುಕೂಲವಿದೆ. ತನ್ನ ನೌಕರರಿಗಷ್ಟೇ ಲಾಭವಾಗುವ ಖರ್ಚು ಈ ಶೇ 2ರಲ್ಲಿ ಸೇರುವುದಿಲ್ಲ. ಕಂಪನಿ ಕಾಲೊನಿಯ ಕಾಯಂ ನೌಕರನಿಗೂ ಧೂಳಿನಲ್ಲಿ ನಿಂತು ಅದೇ ಗೇಟಿನೊಳಗೆ ದುಡಿಯುವ ಗುತ್ತಿಗೆಯವನಿಗೂ ಇರುವ ಅಂತರ ಹೀಗೆ ಸಾಮಾಜಿಕ ಹೊಣೆಯ ಹೊರಗೇ ಉಳಿಯುತ್ತದೆ. ಶಾಲೆಗೆ ಬೆಂಚು ಕೊಟ್ಟರೆ ಸುದ್ದಿ. ಬೆಂಚಿನ ಮೇಲೆ ಕೂತ ಹುಡುಗನ ಅಪ್ಪನ ದಿನಗೂಲಿ ಕಂತ್ರಾಟುದಾರನ ವಿಷಯ! ಅದೇ ಕಾಯ್ದೆಯ 197ನೇ ಕಲಮಿನಂತೆ ಷೇರುಪೇಟೆಯ ಕಂಪನಿಗಳು ನಿರ್ದೇಶಕರ ಸಂಬಳ ನೌಕರರ ಮಧ್ಯಕ ಸಂಬಳದ ಎಷ್ಟು ಪಟ್ಟು ಎಂದು ವಾರ್ಷಿಕ ವರದಿಯಲ್ಲಿ ಹೇಳಬೇಕು. ಕಂತ್ರಾಟುದಾರನ ಹಾಜರಿ ಪುಸ್ತಕದಲ್ಲಿರುವವರು ಆ ಲೆಕ್ಕಕ್ಕೂ ಬರುವುದಿಲ್ಲ. ವರದಿಯ ಆ ಪುಟವನ್ನು ಯಾವ ಕಂಪನಿಯೂ ಗೋಡೆಗೆ ಬರೆಸಿದ್ದಿಲ್ಲ.

ಇನ್ನು ನೆಲದಡಿಯ ಕಲ್ಲಿನ ಪಾಲು. 2014ರಲ್ಲಿ ಸುಣ್ಣದಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ ಎಂದಾಯಿತು. ಮರುವರ್ಷ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿಗಳಿಂದ ಅದರ ಶೇ 30, ಅಂದರೆ 24 ರೂಪಾಯಿ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ನಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಹೀಗೆ ಲೆಕ್ಕ ಹಾಕಿದರೆ 50 ಕಿಲೋ ಚೀಲವೊಂದರ ಮೇಲೆ ಗಣಿಬಾಧಿತ ಊರುಗಳ ಈ ನಿಧಿಗೆ ಎರಡು ರೂಪಾಯಿಯೂ ಬೀಳುವುದಿಲ್ಲ. ಇದು ಊರಿನ ಹಕ್ಕಿನ ಹಣ, ಇದರ ಮೇಲೆ ಯಾವ ಕಂಪನಿಯ ಹೆಸರೂ ಇರಬೇಕಿಲ್ಲ. ಬಹುಶಃ ಅದಕ್ಕೇ ಊರಿಗೆ ಇದರ ಗುರುತು ಅಷ್ಟಿಲ್ಲ.

ಗೋಡೆಯ ಹೆಸರುಗಳಾದರೂ ಗಟ್ಟಿಯೇ? ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ಕರಗಿತು. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. 2025ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್ ಕೂಡ ಅದೇ ಸಮೂಹಕ್ಕೆ, ಸೇಡಂನ ವಾಸವದತ್ತಾ ಅಲ್ಟ್ರಾಟೆಕ್‌ಗೆ ಸೇರಿದವು. ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಾರ್ಖಾನೆ ಫ್ರಾನ್ಸಿನ ವಿಕಾ ಸಮೂಹದ್ದು. ಸಾವಿರಾರು ಕೋಟಿಯ ಈ ಕೈಬದಲಾವಣೆಗಳಲ್ಲಿ ಊರನ್ನು ಯಾರೂ ಕೇಳಲಿಲ್ಲ. ಊರನ್ನು ಕರೆಯುವುದು ಉದ್ಘಾಟನೆಗೆ.

ಇನ್ನು ಚೀಲದ ಬೆಲೆ. ಎಸಿಸಿ, ಅಲ್ಟ್ರಾಟೆಕ್ ಸೇರಿ ಹನ್ನೊಂದು ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಬೆಲೆ ಏರಿಸಿದವು ಎಂದು ಸ್ಪರ್ಧಾ ಆಯೋಗ 2012ರಲ್ಲಿ 6,000 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಆ ಆದೇಶ 2015ರಲ್ಲಿ ರದ್ದಾಯಿತು; 2016ರಲ್ಲಿ ಆಯೋಗ ಮತ್ತೆ ಹಾಕಿದ ದಂಡವನ್ನು 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಆಯೋಗದ ಮಾತು ನಿಜವಾದರೆ, ಗಣಿಯ ಪಕ್ಕದ ಹೊಲದವನು ಮನೆ ಕಟ್ಟಲು ಕೊಂಡ ಚೀಲಕ್ಕೂ ಹೆಚ್ಚುವರಿ ದುಡ್ಡು ತೆತ್ತಿದ್ದಾನೆ.