ಅನುವಾದಿತ ವಿನಯ: ಆಸ್ಪರ್ಗರ್ ಮಕ್ಕಳ ಸಂವಹನ ತರಬೇತಿ ಮತ್ತು ಕನ್ನಡದ ಬಳಕೆ

ಆಸ್ಪರ್ಗರ್ ಲಕ್ಷಣಕೂಟವೆಂಬ ಹೆಸರನ್ನು 1981ರಲ್ಲಿ ಲೋರ್ನಾ ವಿಂಗ್ ಪ್ರಚಾರಕ್ಕೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ಅದನ್ನು ಆಟಿಸಂ ವ್ಯಾಪ್ತಿಯೊಳಗೆ ಸೇರಿಸಿತು. ಹೆಸರು ಬದಲಾದರೂ ಭಾಷಾವಿಜ್ಞಾನದ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಮಕ್ಕಳ ಪದಸಂಪತ್ತೂ ವಾಕ್ಯರಚನೆಯೂ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ತೊಡಕಿರುವುದು ಮಾತಿನ ಸಾಮಾಜಿಕ ಬಳಕೆಯಲ್ಲಿ. ಬಳಕೆಯ ನಿಯಮಗಳಾದರೋ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತವೆ. ಆದ್ದರಿಂದ ಇಂಗ್ಲಿಷಿನ ಪಾಠಗಳನ್ನು ಅನುವಾದಿಸಿ ಕಲಿಸುವ ಕ್ರಮವನ್ನು ನಾವು ಪ್ರಶ್ನಿಸಬೇಕಾಗಿದೆ.

ಇಂಗ್ಲಿಷಿನ 'ಪ್ಲೀಸ್' ಅನುವಾದದಲ್ಲಿ 'ದಯವಿಟ್ಟು' ಆಗುತ್ತದೆ. ಆದರೆ ಇದು ಅರ್ಜಿಯ, ಪ್ರಕಟಣೆಯ ಮಾತು. ಮನೆಮಾತಿನಲ್ಲಿ ವಿನಯದ ಭಾರ ಹೊರುವುದು ಕ್ರಿಯಾಪದ: 'ನೀರು ಕೊಡಿ', 'ಒಂಚೂರು ನೀರು ಕೊಡ್ತೀರಾ'. 'ಅಮ್ಮಾ, ದಯವಿಟ್ಟು ನೀರು ಕೊಡು' ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಹಾಗೆಂದ ಮಗುವನ್ನು ಓರಗೆಯವರು ನಗುತ್ತಾರೆ. ಈ ಮಕ್ಕಳ ಮಾತು ದೊಡ್ಡವರ ಮಾತಿನಂತಿರುವುದನ್ನು ಹಾನ್ಸ್ ಆಸ್ಪರ್ಗರ್ 1944ರಲ್ಲಿಯೇ ಗುರುತಿಸಿದ್ದರು. ಅನುವಾದಿತ ಪಾಠವು ಆ ಗ್ರಾಂಥಿಕತೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಸಂಬೋಧನೆಯ ಸಮಸ್ಯೆ ಇನ್ನೂ ಜಟಿಲ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಂಥ ಊರನ್ನು ಗಮನಿಸಿ. ತೋಟದಲ್ಲಿ ತೆಂಗಿನಕಾಯಿ ಕೀಳಲು ಬಂದವರನ್ನು ಮಗು 'ಅಣ್ಣ' ಎನ್ನಬೇಕು, ಅವರು ಒಡಹುಟ್ಟಿದವರಲ್ಲ. ತಾಯಿಗೆ 'ನೀನು', ಮೇಷ್ಟ್ರಿಗೆ 'ನೀವು'. ತಂದೆಗೆ ಯಾವುದೆಂಬುದು ಮನೆಯಿಂದ ಮನೆಗೆ ಬೇರೆ. ಸಿಮೆಂಟ್ ಕಾರ್ಖಾನೆಯಿಂದಾಗಿ ಹೊರಗಿನವರೂ ಬಂದು ನೆಲೆಸಿದ ಊರಿನಲ್ಲಿ ಈ ಆಯ್ಕೆ ಮತ್ತಷ್ಟು ಕಠಿಣ. ಪದಗಳನ್ನು ವಾಚ್ಯಾರ್ಥದಲ್ಲಿ ಹಿಡಿಯುವ ಮಗುವಿಗೆ 'ಊಟ ಆಯ್ತಾ?' ಎಂಬುದು ಕುಶಲಪ್ರಶ್ನೆಯೆಂದೂ, 'ಹೋಗಿ ಬರ್ತೀನಿ' ಎಂದವರು ಅಂದೇ ಮರಳಬೇಕಿಲ್ಲವೆಂದೂ ಬಿಡಿಸಿ ಹೇಳಬೇಕು. ಇಂಗ್ಲಿಷ್ ಮೂಲದಲ್ಲಿ ಇಲ್ಲದ ಈ ಪಾಠಗಳು ಅನುವಾದದಲ್ಲಿಯೂ ಬರಲಾರವು.

ಕ್ಯಾರೊಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ 'ಸಾಮಾಜಿಕ ಕಥೆ'ಯ ವಿಧಾನವನ್ನು ನಾವು ತಿರಸ್ಕರಿಸುತ್ತಿಲ್ಲ. ಒಂದು ಸನ್ನಿವೇಶವನ್ನು ಸರಳ ವಾಕ್ಯಗಳಲ್ಲಿ ವಿವರಿಸುವ ಅದರ ಚೌಕಟ್ಟು ಉಪಯುಕ್ತ. ಒಳಗಿನ ಮಾತು ಮಾತ್ರ ಆಯಾ ಮನೆಯ ಆಡುಮಾತಿನಲ್ಲಿರಬೇಕು. ಯಾರಿಗೆ ಯಾವ ಸಂಬೋಧನೆ ಎಂಬ ಪಟ್ಟಿಯನ್ನು ಮನೆಯವರೊಡನೆ ಕುಳಿತು ಸಿದ್ಧಪಡಿಸುವುದೇ ಮೊದಲ ಹೆಜ್ಜೆ.

ತಪ್ಪುಗ್ರಹಿಕೆಗೆ ಎರಡೂ ಕಡೆಯವರು ಕಾರಣರೆಂದು ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಹಾಗಾದರೆ ಮೇಷ್ಟ್ರೂ ಓರಗೆಯವರೂ ಕಲಿಯಬೇಕಾದುದಿದೆ: ಸೂಚ್ಯವಾಗಿ ಹೇಳುವುದನ್ನು ನೇರವಾಗಿ ಹೇಳುವುದು. ಕನ್ನಡದ ಬಳಕೆಯ ನಿಯಮಗಳನ್ನು ನಾವೇ ಬಿಡಿಸಿ ಬರೆಯದಿದ್ದರೆ, ಅವುಗಳನ್ನು ಕಲಿಯಲಿಲ್ಲವೆಂದು ಮಗುವನ್ನು ದೂರುವುದು ನ್ಯಾಯವಲ್ಲ.