ಕಡಲಾಚೆಯ ಆಯಾರ

ಪಾರಿತೋಷಕ ಕೊಡುವದು ವಿಮರ್ಶೆಯ ಒಂದು ಬಗೆಯೇ. ಹತ್ತು ಕೃತಿಗಳನ್ನು ಮುಂದಿಟ್ಟುಕೊಂಡು ‘ಇದು ಮಿಗಿಲು’ ಎನ್ನುವವನು, ತಾನು ವಿಮರ್ಶಕನಲ್ಲವೆಂದು ಎಷ್ಟು ವಿನಯದಿಂದ ಹೇಳಿಕೊಂಡರೂ, ವಿಮರ್ಶಕನ ಗಾದಿಯ ಮೇಲೆಯೇ ಕುಳಿತಿರುತ್ತಾನೆ. ಆ ಗಾದಿಗೆ ಒಂದು ಕಟ್ಟಳೆಯುಂಟು. ‘ಏಕೆ ಮಿಗಿಲು?’ ಎಂದು ಕೇಳಿದವರಿಗೆ ಉತ್ತರ ಕೊಡಬೇಕು. ನಮ್ಮ ಚಿತ್ರಗಳಿಗಾಗಿ ಕಡಲಾಚೆ ನಡೆಯುವ ಸಮಾರಂಭಗಳನ್ನು ಈ ಕಟ್ಟಳೆಯ ಎದುರು ನಿಲ್ಲಿಸಿ ನೋಡಬೇಕೆಂಬುದು ನನ್ನ ಉದ್ದೇಶ.

ಸಂಗತಿ ಹೊಸದಲ್ಲ. ಹಿಂದೀ ಚಿತ್ರಗಳ ‘ಐಫಾ’ ಸಮಾರಂಭ 2000ದಲ್ಲಿ ಲಂಡನ್ನಿನ ಮಿಲೇನಿಯಮ್ ಡೋಮ್‌ನಲ್ಲಿ ಆರಂಭವಾಯಿತು. ಕನ್ನಡ, ತೆಲುಗು, ತಮಿಳು, ಮಲಯಾಳ ಈ ನಾಲ್ಕು ಭಾಷೆಗಳ ‘ಸೈಮಾ’ 2012ರ ಜೂನ್ ತಿಂಗಳಲ್ಲಿ ದುಬೈಯಲ್ಲಿ ಕಣ್ದೆರೆಯಿತು. 2013ರಲ್ಲಿ ಶಾರ್ಜಾ, 2014ರಲ್ಲಿ ಕೌಲಾಲಂಪುರ, 2016ರಲ್ಲಿ ಸಿಂಗಾಪುರ, 2019ರಲ್ಲಿ ದೋಹಾ, ಹೀಗೆ ಅದು ಊರೂರು ಸುತ್ತಿತು. ಕೊರೋನಾ ಕಾಲದಲ್ಲಿ ದೇಶಕ್ಕೆ ಮರಳಿ 2021ರಲ್ಲಿ ಹೈದರಾಬಾದಿನಲ್ಲಿಯೂ 2022ರಲ್ಲಿ ಬೆಂಗಳೂರಿನಲ್ಲಿಯೂ ನಡೆಯಿತು. 2023ರಿಂದ 2025ರವರೆಗೆ ಮತ್ತೆ ದುಬೈಯೇ. ಎರಡು ರಾತ್ರಿಗಳಲ್ಲಿ ನಾಲ್ಕು ಭಾಷೆಗಳ ಲೆಕ್ಕ ಮುಗಿಯುತ್ತದೆ.

‘ಕನ್ನಡ ಚಿತ್ರಕ್ಕೆ ಕನ್ನಡ ನಾಡಿನಲ್ಲಿಯೇ ಪಾರಿತೋಷಕ ಕೊಡಬಾರದೇ?’ ಎಂಬ ಆಕ್ಷೇಪಣೆಯನ್ನು ಆಗಾಗ ಕೇಳುತ್ತೇನೆ. ಅದರಲ್ಲಿ ನನಗೆ ಹುರುಳು ಕಾಣದು. ಪಂಪನಿಗೆ ಧರ್ಮಪುರದ ಅಗ್ರಹಾರವನ್ನು ಕೊಟ್ಟ ಅರಿಕೇಸರಿಯ ರಾಜಧಾನಿ ವೇಮುಲವಾಡ. ಇಂದು ಅದು ತೆಲಂಗಾಣದಲ್ಲಿದೆ. ಅದರಿಂದ ಪಂಪನ ಕನ್ನಡಕ್ಕಾಗಲಿ ಅರಸನ ಔದಾರ್ಯಕ್ಕಾಗಲಿ ಕುಂದು ಬಂದಿಲ್ಲ. ತನ್ನನ್ನು ಅರ್ಜುನನಿಗೆ ಸರಿಗಟ್ಟಿದ ಕಾವ್ಯವೆಂಬ ಹಿಗ್ಗೂ ಆ ದಾನದಲ್ಲಿ ಇದ್ದಿತೆನ್ನಿ. ಏಕೆ ಕೊಟ್ಟನೆಂಬುದು ಮಾತ್ರ ಗುಟ್ಟಲ್ಲ. ಇನ್ನು ಕೊಲ್ಲಿಯ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ತಮ್ಮ ನುಡಿಯ ನಟರನ್ನು ಕಣ್ಣಾರೆ ಕಾಣುವ ಸಂಜೆಯೆಂದರೆ ಹಬ್ಬ. ಅವರ ಹಬ್ಬವನ್ನು ಹಳಿಯುವಷ್ಟು ಕಲ್ಲೆದೆ ನನಗಿಲ್ಲ.

ಆದರೆ ಎರಡು ಸಂಗತಿಗಳನ್ನು ಬೆರೆಸಬಾರದು. ಹೊರಗಿನವರು ನಮ್ಮ ಕೃತಿಯನ್ನು ನೋಡಿ ಮೆಚ್ಚುವದು ಒಂದು; ನಾವೇ ಹೊರಗೆ ಹೋಗಿ ನಮ್ಮನ್ನು ಮೆಚ್ಚಿಕೊಳ್ಳುವದು ಇನ್ನೊಂದು. ಬಿ. ಆರ್. ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ತೆಗೆದ ‘ವೀರಪಾಂಡ್ಯ ಕಟ್ಟಬೊಮ್ಮನ್’ ಚಿತ್ರದ ನಟನೆಗಾಗಿ ಶಿವಾಜಿ ಗಣೇಶನ್ ಅವರು 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆನಿಸಿದರು. ಅಲ್ಲಿ ಚಿತ್ರ ಪರದೇಶದ ಪರೀಕ್ಷೆಗೆ ಕುಳಿತಿತ್ತು. ಇಂದಿನ ಸಮಾರಂಭದಲ್ಲಿ ಸಭಾಗೃಹ ಮಾತ್ರ ಪರದೇಶದ್ದು. ಪರೀಕ್ಷೆಗೆ ಕುಳಿತವರೂ ನಾವೇ, ಗುಣ ಹಾಕುವವರೂ ನಾವೇ. ‘ಅಂತರರಾಷ್ಟ್ರೀಯ’ವೆಂಬ ವಿಶೇಷಣವನ್ನು ಇಲ್ಲಿ ಊರಿನಿಂದ ಪಡೆದಿದ್ದಾರೆ, ಗುಣದಿಂದಲ್ಲ.

ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ದೊಡ್ಡಾಟ, ಸಣ್ಣಾಟ ನೋಡಿದವರಿಗೆ ಆಯಾರದ ಪದ್ಧತಿ ಗೊತ್ತು. ‘ಸಂಗ್ಯಾ-ಬಾಳ್ಯಾ’ದಲ್ಲಿ ಒಬ್ಬನ ಹಾಡು ಮನಸ್ಸಿಗೆ ಹಿಡಿಯಿತೆಂದರೆ, ಕುಳಿತವರಲ್ಲೊಬ್ಬ ಎದ್ದು ಬಂದು ಅವನ ಅಂಗಿಗೆ ನೋಟು ಚುಚ್ಚುತ್ತಾನೆ. ಆಟ ಗಳಿಗೆಹೊತ್ತು ನಿಲ್ಲುತ್ತದೆ. ಕೊಟ್ಟವನ ಹೆಸರು, ಊರು, ಮೊತ್ತ ಎಲ್ಲವನ್ನೂ ಸಾರುತ್ತಾರೆ. ಇದರಲ್ಲಿ ಕೊಟ್ಟವನ ಡೌಲೂ ಉಂಟು. ಆಟದ ಓಟ ಕೆಡುವದೂ ಉಂಟು. ಆದರೆ ಯಾವ ಹಾಡಿಗೆ ಕೊಟ್ಟನೆಂದು ಯಾರೂ ಕೇಳಬೇಕಿಲ್ಲ. ಅದು ಈಗತಾನೆ ಎಲ್ಲರ ಕಿವಿಗೆ ಬಿದ್ದಿದೆ. ಒಪ್ಪದವನು ಪಕ್ಕದವನಿಗೆ ಅಲ್ಲಿಯೇ ‘ಏನ್ ಹಾಡಿದನಂತ ಕೊಟ್ಟಾ?’ ಎಂದು ಕೇಳಬಲ್ಲ. ದುಬೈಯ ಸಮಾರಂಭವೂ ಒಂದು ದೊಡ್ಡ ಆಯಾರವೇ. ಹಣ ಹಾಕಿದವರ ಹೆಸರು ಅಲ್ಲಿಯೂ ಮೊದಲು ಕೇಳುತ್ತದೆ. ವ್ಯತ್ಯಾಸವಿಷ್ಟೆ: ಅಲ್ಲಿ ಆಟವಿಲ್ಲ, ಆಯಾರವಷ್ಟೇ ಇದೆ. ಲಕೋಟೆ ಒಡೆಯುತ್ತಾರೆ, ಹೆಸರು ಓದುತ್ತಾರೆ, ಚಪ್ಪಾಳೆ, ಮುಂದಿನ ಕುಣಿತ. ಜನರ ಮತವನ್ನೂ ಕೇಳುವದುಂಟು. ಮತದಿಂದ ಎಷ್ಟು ಜನರೆಂಬುದು ತಿಳಿದೀತು, ಏಕೆಂಬುದು ತಿಳಿಯದು.

ಇದರಿಂದ ನಷ್ಟವೇನು? ನಮ್ಮ ನೆಲದ ಉದಾಹರಣೆಯನ್ನೇ ಕೊಡುತ್ತೇನೆ. 1824ರಲ್ಲಿ ಕಂಪನಿ ಸರಕಾರದ ದಂಡನ್ನು ಸೋಲಿಸಿದ ಕಿತ್ತೂರಿನ ಚೆನ್ನಮ್ಮ ರಾಣಿ 1829ರಲ್ಲಿ ಸೆರೆಯಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಅವಳ ಸಮಾಧಿ ಇಲ್ಲಿಯೇ ಇದೆ. ಅವಳ ಬಂಟ ರಾಯಣ್ಣನ ಸಂಗೊಳ್ಳಿ ಈ ತಾಲೂಕಿನ ಹಳ್ಳಿ. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರ ಚಿತ್ರ, ನಾಗಣ್ಣನವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ 2012ರದು. ಮೊದಲನೆಯದರಲ್ಲಿ ಬಿ. ಸರೋಜಾದೇವಿಯವರು ಕಪ್ಪ ಕೇಳಲು ಬಂದವರಿಗೆ ಕೊಡುವ ಉತ್ತರವನ್ನು ಶಾಲೆಯ ಮಕ್ಕಳು ಸ್ನೇಹಸಮ್ಮೇಲನಗಳಲ್ಲಿ ಒಪ್ಪಿಸುವದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದರ ಗತ್ತು ದೊಡ್ಡದು. ಆದರೆ ಅದು ಗ್ರಂಥದ ಕನ್ನಡ, ಕಿತ್ತೂರ ಸೀಮೆಯ ಮಾತಲ್ಲ. ಗತ್ತಿಗಾಗಿ ನೆಲದ ನುಡಿಯನ್ನು ಬಿಟ್ಟುಕೊಡಬಹುದೇ? ಐವತ್ತು ವರ್ಷಗಳ ಮೇಲೆ ಬಂದ ರಾಯಣ್ಣ ಈ ಪ್ರಶ್ನೆಯನ್ನು ಬಿಡಿಸಿದನೇ, ಇಲ್ಲವೇ? ಚರಿತ್ರೆಯ ಚಿತ್ರಕ್ಕೆ ‘ಶ್ರೇಷ್ಠ’ವೆಂಬ ಹೆಸರು ಕೊಡುವ ಮೊದಲು ಯಾರಾದರೂ ಇಷ್ಟನ್ನು ಚರ್ಚಿಸಬೇಕು. ಚರ್ಚಿಸಿದ್ದರೆ ನಮಗೂ ತಿಳಿಸಬೇಕು. ಮುಂದೆ ಚಿತ್ರ ತೆಗೆಯುವವನು ಕಲಿಯುವದು ಮೂರ್ತಿಯಿಂದಲ್ಲ, ಕಾರಣದಿಂದ.

ಆಯ್ಕೆಗಳೇ ತಪ್ಪೆಂದು ನಾನು ಹೇಳುತ್ತಿಲ್ಲ. 2023ರ ಆಗಸ್ಟದಲ್ಲಿ ‘777 ಚಾರ್ಲಿ’ಗೆ ಕನ್ನಡದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಾರಿದರು. ಮರುತಿಂಗಳು ದುಬೈಯೂ ಅದನ್ನೇ ಶ್ರೇಷ್ಠವೆಂದಿತು. ಅದೇ ದುಬೈಯಲ್ಲಿ ‘ವಿಮರ್ಶಕರ ಆಯ್ಕೆ’ಯ ನಟರೆನಿಸಿದ ‘ಕಾಂತಾರ’ದ ರಿಷಬ್ ಶೆಟ್ಟಿಯವರಿಗೆ 2024ರಲ್ಲಿ ರಾಷ್ಟ್ರಪ್ರಶಸ್ತಿಯೂ ಬಂತು. ಆಯ್ಕೆ ಒಂದೇ ಆದರೂ ರೀತಿ ಬೇರೆ. ರಾಷ್ಟ್ರಪ್ರಶಸ್ತಿಯ ಮಂಡಳಿ ಒಂದೆರಡು ವಾಕ್ಯಗಳಲ್ಲಾದರೂ ಕಾರಣ ಬರೆದು ಕೊಡುತ್ತದೆ. ಅದನ್ನು ಒಪ್ಪಬಹುದು, ಜಗಳವಾಡಬಹುದು. ‘ವಿಮರ್ಶಕರ ಆಯ್ಕೆ’ಯೆಂದು ಹೆಸರಿಟ್ಟಲ್ಲಿಯೂ ವಿಮರ್ಶಕರ ಮಾತು ಕೇಳದಿದ್ದರೆ ಆ ಹೆಸರಿಗೆ ಅರ್ಥವೇನು?

2022ರಲ್ಲಿ ಬೆಂಗಳೂರಿನಲ್ಲಿ, ಹಿಂದಿನ ವರ್ಷವೇ ನಮ್ಮನ್ನಗಲಿದ್ದ ಪುನೀತ್ ರಾಜಕುಮಾರರಿಗೆ ‘ಯುವರತ್ನ’ಕ್ಕಾಗಿ ಶ್ರೇಷ್ಠ ನಟ ಪಾರಿತೋಷಕ ಸಂದಿತು. ಅದು ನಾಡಿನ ಅಕ್ಕರೆಯ ಕಾಣಿಕೆ; ಆ ಅಕ್ಕರೆಗೆ ಕಾರಣ ಕೇಳುವದು ಸಲ್ಲದು. ಆದರೂ ಆ ನಟನ ಕಲೆಯಲ್ಲಿ ಏನು ದೊಡ್ಡದಾಗಿತ್ತೆಂಬುದನ್ನು ಎರಡು ಮಾತಿನಲ್ಲಿ ಬರೆದಿಟ್ಟಿದ್ದರೆ, ಅವರನ್ನು ಕಾಣದ ಮುಂದಿನ ಪೀಳಿಗೆಗೆ ಅದು ಉಳಿಯುತ್ತಿತ್ತು. ಚಪ್ಪಾಳೆ ಉಳಿಯುವದಿಲ್ಲ.

ಆದ್ದರಿಂದ ಸಮಾರಂಭ ದುಬೈಯಲ್ಲಿಯೇ ನಡೆಯಲಿ, ದೀಪ-ಕುಣಿತಗಳೂ ಇರಲಿ. ಪ್ರತಿಯೊಂದು ಪಾರಿತೋಷಕದ ಜೊತೆಗೆ, ಚಿತ್ರ ಯಾವ ಭಾಷೆಯದೋ ಅದೇ ಭಾಷೆಯಲ್ಲಿ, ಎರಡು ವಾಕ್ಯಗಳ ಕಾರಣವನ್ನು ಓದಲಿ. ಅರ್ಧ ನಿಮಿಷವೂ ಹಿಡಿಯದು. ಆ ಅರ್ಧ ನಿಮಿಷಕ್ಕಾಗಿ ಬೈಲಹೊಂಗಲದಲ್ಲಿ ಕುಳಿತ ನಾವೂ ಕಿವಿಗೊಟ್ಟೇವು. ಒಪ್ಪದಿದ್ದರೆ ವಾದಿಸಿಯೂ ವಾದಿಸೇವು.