ಚಿಪ್ ಸಂಗೀತದಲ್ಲಿ ಮಿತಿಯೂ ರಚನೆಯೂ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ಸಂಗೀತವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಮುಗಿಸುತ್ತಾರೆ. ಅದು ಬಾಲ್ಯದ ನೆನಪನ್ನು ಕೆರಳಿಸುತ್ತದೆಂಬುದು ಒಂದು. ಸಲಕರಣೆಯ ಬಡತನವೇ ಅದರ ಸೊಗಸಿಗೆ ಕಾರಣವೆಂಬುದು ಇನ್ನೊಂದು. ಮೊದಲನೆಯದು ಕೇಳುಗನ ಚರಿತ್ರೆಯೇ ಹೊರತು ಕೃತಿಯ ವಿಮರ್ಶೆಯಲ್ಲ. ಎರಡನೆಯದನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಏಕೆಂದರೆ ಅದೇ ಬಡತನದಲ್ಲಿ ಹುಟ್ಟಿದ ನೀರಸ ರಚನೆಗಳಿಗೂ ಕೊರತೆಯಿಲ್ಲ.

ಆ ಯಂತ್ರದ 2ಎ03 ಚಿಪ್ಪಿನಲ್ಲಿರುವುದು ಐದೇ ಧ್ವನಿಗಳು. ಎರಡು ಚೌಕ ತರಂಗದವು. ಇವುಗಳಿಗೆ ಹದಿನಾರು ಮಟ್ಟದ ಗಟ್ಟಿತನವುಂಟು, ನಾದದ ಬಣ್ಣವನ್ನು ಬದಲಿಸಲು ನಾಲ್ಕು ಆಕಾರಗಳುಂಟು (ಅವುಗಳಲ್ಲಿ ಎರಡು ಕಿವಿಗೆ ಒಂದೇ). ಮೂರನೆಯದಾದ ತ್ರಿಕೋನ ತರಂಗಕ್ಕೆ ಗಟ್ಟಿ-ಮೆಲು ಎಂಬ ಭೇದವೇ ಇಲ್ಲ. ಅದು ನುಡಿಯುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಆದರೆ ಅದು ಚೌಕ ತರಂಗಕ್ಕಿಂತ ಒಂದು ಸ್ಥಾಯಿ ಕೆಳಗೆ ಇಳಿಯಬಲ್ಲುದಾದ್ದರಿಂದ ಮಂದ್ರದ ಭಾರವೆಲ್ಲ ಬಹುಮಟ್ಟಿಗೆ ಅದರ ಪಾಲಿಗೆ ಬಂದಿದೆ. ನಾಲ್ಕನೆಯದು ಬರಿಯ ಗದ್ದಲ, ಅದರಿಂದ ತಾಳವಾದ್ಯದ ಕೆಲಸ. ಐದನೆಯದು ಮುದ್ರಿತ ಧ್ವನಿಯ ಸಣ್ಣ ತುಣುಕುಗಳನ್ನು ನುಡಿಸುತ್ತದೆ. ಇಷ್ಟಲ್ಲದೆ, ಸ್ವರಗಳನ್ನು ಪೂರ್ಣಾಂಕದ ಭಾಗಾಹಾರದಿಂದ ಪಡೆಯುವುದರಿಂದ ತಾರಸ್ಥಾಯಿಯಲ್ಲಿ ಶ್ರುತಿಯೇ ಅತ್ತಿತ್ತ ಸರಿಯುತ್ತದೆ. ಇದನ್ನರಿಯದೆ ಬರೆದವನ ರಾಗ ಮೇಲೇರಿದಷ್ಟೂ ಕರ್ಕಶವಾಗುತ್ತದೆ.

ಮಧುರಗೀತಕ್ಕೆ ಒಂದು ಚೌಕ ತರಂಗವನ್ನು ಕೊಟ್ಟ ಮೇಲೆ ಉಳಿದ ಒಂದರಲ್ಲೇ ಸ್ವರಮೇಳವನ್ನು ತುಂಬಬೇಕು. ಇದಕ್ಕಾಗಿ ಕಂಡುಕೊಂಡ ಉಪಾಯವೆಂದರೆ ಮೂರು ಸ್ವರಗಳನ್ನು ಸೆಕೆಂಡಿಗೆ ಅರುವತ್ತರವರೆಗಿನ ವೇಗದಲ್ಲಿ ಒಂದಾದ ಮೇಲೊಂದರಂತೆ ಸುತ್ತಿಸುವುದು. ಕಿವಿ ಅದನ್ನು ಕಂಪಿಸುವ ಒಂದೇ ಗುಂಪಾಗಿ ಗ್ರಹಿಸುತ್ತದೆ. ಟಿಮ್ ಫಾಲಿನ್ ಮತ್ತು ಜೆಫ್ ಫಾಲಿನ್ 1990ರ 'ಸಿಲ್ವರ್ ಸರ್ಫರ್'ನಲ್ಲಿ ಇದನ್ನು ಪರಾಕಾಷ್ಠೆಗೆ ಒಯ್ದರು. ಅವರ ಕೈಚಳಕ ನಿರ್ವಿವಾದವಾದುದು. ಆದರೂ ಅಲ್ಲಿ ಚಿಪ್ಪು ಏನೆಲ್ಲ ಮಾಡಬಲ್ಲುದೆಂಬ ಬೆರಗು ರಾಗದ ನೆನಪಿಗಿಂತ ಮುಂದೆ ನಿಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಇಂದಿನ ಅನುಕರಣಕಾರರು ಈ ಕಂಪನವನ್ನು ಉಪ್ಪಿನಕಾಯಿಯಂತೆ ಎಲ್ಲ ಎಲೆಗೂ ಬಡಿಸುತ್ತಾರೆ.

ಮಿತಿಯೇ ಸೊಗಸಿಗೆ ಕಾರಣವೆಂಬ ವಾದಕ್ಕೆ ಒಳ್ಳೆಯ ಪರೀಕ್ಷೆ ಕೊನಾಮಿ ಸಂಸ್ಥೆಯ 'ಅಕುಮಾಜೊ ದೆನ್ಸೆತ್ಸು'. 1989ರ ಜಪಾನೀ ಆವೃತ್ತಿಯ ಕಾರ್ಟ್ರಿಜ್ಜಿನಲ್ಲಿ ವಿ.ಆರ್.ಸಿ. 6 ಎಂಬ ಚಿಪ್ಪು ಮೂರು ಹೆಚ್ಚಿನ ಧ್ವನಿಗಳನ್ನು ಕೊಟ್ಟಿತು. ಅಮೆರಿಕದ ಯಂತ್ರದಲ್ಲಿ ಕಾರ್ಟ್ರಿಜ್ಜಿನ ಧ್ವನಿಯನ್ನು ಬೆರೆಸಿಕೊಳ್ಳುವ ಆ ದಾರಿ ಇಲ್ಲವಾದ್ದರಿಂದ 1990ರಲ್ಲಿ ಅದೇ ಸಂಗೀತವನ್ನು ಐದು ಧ್ವನಿಗೆ ಇಳಿಸಬೇಕಾಯಿತು. ಬಡತನವೇ ಗುಣವಾಗಿದ್ದರೆ ಎರಡನೆಯದು ಮೇಲಾಗಬೇಕಿತ್ತು. ಹಾಗಾಗಲಿಲ್ಲ, ಒಳಧ್ವನಿಗಳ ತುಂಬುತನ ಅಲ್ಲಿ ಸೊರಗಿದೆ. ಆದರೆ ರಾಗದ ಎಲುಬು, ಲಯದ ಒತ್ತು ಉಳಿದಿವೆ. ಉಳಿದುದು ರಚನೆಯ ಬಲದಿಂದಲ್ಲದೆ ಕೊರತೆಯ ಬಲದಿಂದಲ್ಲ.

ಜೇಕ್ ಕಾಫ್‌ಮನ್ 2014ರ 'ಶವಲ್ ನೈಟ್'ಗೆ ಸಂಗೀತ ಬರೆದಾಗ ಅವರನ್ನು ಯಾವ ಯಂತ್ರವೂ ನಿರ್ಬಂಧಿಸಿರಲಿಲ್ಲ. ಆದರೂ ಫ್ಯಾಮಿಟ್ರ್ಯಾಕರ್ ತಂತ್ರಾಂಶದಲ್ಲಿ ಆ ಎಂಟು ಧ್ವನಿಗಳೊಳಗೇ ಬರೆದರು. ಇಂದು ಭಾಮಿನಿ ಷಟ್ಪದಿಯಲ್ಲಿ ಬರೆಯುವ ಕವಿಯನ್ನು ಛಂದಸ್ಸಿಗಾಗಿ ಯಾರೂ ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಕಾಫ್‌ಮನ್ನರಿಗೂ ಅದೇ ನ್ಯಾಯ ಸಲ್ಲಬೇಕು.

ಕೇವಲ ಆಲಿಸುವುದಕ್ಕೆಂದು ಹೊಸದಾಗಿ ರಚಿಸುವವರು ಮರೆಯುವ ಸಂಗತಿ ಇನ್ನೊಂದಿದೆ. ಕೋಜಿ ಕೊಂಡೊ ಅವರ 1985ರ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಆಟಗಾರ ಜಿಗಿದಾಗಲೆಲ್ಲ ಆ ಸದ್ದು ಒಂದು ಚೌಕ ತರಂಗವನ್ನು ಕಸಿದುಕೊಳ್ಳುತ್ತದೆ. ಅಷ್ಟು ಹೊತ್ತು ಸಂಗೀತದ ಒಂದು ಧ್ವನಿ ಮೂಕವಾಗುತ್ತದೆ. ಆಟದುದ್ದಕ್ಕೂ ಹೀಗೆ ಹರಿದುಹೋಗುತ್ತಿದ್ದರೂ ಆ ರಾಗ ಕೇಳುಗನ ಕೈ ತಪ್ಪುವುದಿಲ್ಲ. ಇಂದಿನ ಸಂಕಲನಗಳಲ್ಲಿ ಈ ಪರೀಕ್ಷೆಗೆ ಒಡ್ಡಿದರೆ ನಿಲ್ಲಬಲ್ಲ ರಚನೆಗಳು ವಿರಳ.